ಆರನೆಯ ಪಿಚರ್‌ನಿಂದ ಎಣಿಸಲು ಶುರು ಮಾಡಿದ ಮೇಲೆ

2025ರ ಸೆಪ್ಟೆಂಬರ್ 28, ಭಾನುವಾರ ಸಂಜೆ ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನ ಲೀಗ್ ಹಂತದ ಕೊನೆಯ ಪಂದ್ಯ ಮುಗಿದಾಗ ನನ್ನ ಹಾಳೆಯ ಕೊನೆಯ ಸಾಲಿನಲ್ಲಿ 207 ಎಂದಿತ್ತು. ಮೂವತ್ತು ತಂಡಗಳು ತಲಾ ಎಷ್ಟು ಪಂದ್ಯ ಗೆಲ್ಲುತ್ತವೆ ಎಂದು ಮಾರ್ಚ್‌ನಲ್ಲಿ ನಾನು ಬರೆದುಕೊಟ್ಟಿದ್ದ ಸಂಖ್ಯೆಗಳಿಗೂ ಅವು ನಿಜವಾಗಿ ಗೆದ್ದ ಸಂಖ್ಯೆಗಳಿಗೂ ಇದ್ದ ಅಂತರಗಳ ಮೊತ್ತ ಅದು. ಎರಡನೆಯ ಸ್ಥಾನದವರದು 219. ನ್ಯೂಜೆರ್ಸಿಯ ನಮ್ಮ ಕಚೇರಿಯ ಪೂಲ್‌ನಲ್ಲಿ (ಎಲ್ಲರೂ ಹಣ ಹಾಕಿ ಊಹಿಸುವ ಪಂತ, ಅಂತರ ಕಡಿಮೆ ಇದ್ದವರಿಗೆ ಗೆಲುವು) ಆರನೇ ವರ್ಷ ಭಾಗವಹಿಸಿ ಮೊದಲ ಬಾರಿಗೆ ಗೆದ್ದೆ. ಇಪ್ಪತ್ನಾಲ್ಕು ಜನರಲ್ಲಿ ಬೇಸ್‌ಬಾಲ್ ನೋಡಿಕೊಂಡು ಬೆಳೆಯದವನು ನಾನೊಬ್ಬನೇ.

ಇದನ್ನು ಬರೆಯಲು ಕಾರಣವಿದೆ. 2024ರ ಮಾರ್ಚ್‌ನಲ್ಲಿ ನನಗೆ ಈ ಗೆಲುವು ತಂದ ವಿಧಾನವನ್ನು ಊಟದ ಮೇಜಿನಲ್ಲಿ ವಿವರಿಸಿದಾಗ ಯಾರೂ ಒಪ್ಪಲಿಲ್ಲ. ‘ಆಟಗಾರ ಎಷ್ಟು ಒಳ್ಳೆಯವನು ಎಂಬುದನ್ನು ಬಿಟ್ಟು, ಎಷ್ಟು ದಿನ ಮೈದಾನದಲ್ಲಿರುತ್ತಾನೆ ಎಂದು ಲೆಕ್ಕ ಹಾಕುತ್ತೀಯಾ? ಗಾಯ ಎನ್ನುವುದು ಅದೃಷ್ಟ, ಅದನ್ನು ಊಹಿಸಲಾಗದು’ ಎಂದು ಮೂವತ್ತು ವರ್ಷ ಈ ಆಟ ನೋಡಿದ ಸಹೋದ್ಯೋಗಿಯೊಬ್ಬರು ಹೇಳಿದರು. ಕನ್ನಡ ಕೂಟದ ಗೆಳೆಯರೂ ಅದೇ ಧಾಟಿಯಲ್ಲಿ, ‘ಕ್ರಿಕೆಟ್ ಬಿಟ್ಟು ಇದೆಲ್ಲ ನಿಮಗೆ ಯಾಕೆ ಸರ್’ ಎಂದು ಕೇಳಿದರು. ಈ ಹುಚ್ಚು ಹಿಡಿಸಿಕೊಂಡ ಕನ್ನಡಿಗರು ಅಲ್ಲಲ್ಲಿ ಇದ್ದೀರಿ ಎಂದು ನನಗೆ ಗೊತ್ತು. ಪೈಥಾಗರಸ್ ಸೂತ್ರ (ಹೊಡೆದ ಮತ್ತು ಬಿಟ್ಟುಕೊಟ್ಟ ರನ್‌ಗಳಿಂದ ಗೆಲುವನ್ನು ಅಂದಾಜಿಸುವುದು), ವಾರ್ (ಸಾಧಾರಣ ಬದಲಿ ಆಟಗಾರನಿಗಿಂತ ಒಬ್ಬ ಎಷ್ಟು ಗೆಲುವು ಹೆಚ್ಚು ತರುತ್ತಾನೆ ಎಂಬ ಅಳತೆ), ಪಾರ್ಕ್ ಫ್ಯಾಕ್ಟರ್ (ಮೈದಾನ ರನ್ ಸಂಖ್ಯೆಯನ್ನು ಎಷ್ಟು ಬದಲಿಸುತ್ತದೆ ಎಂಬುದು) ಇವನ್ನು ನಿಮಗೆ ಇದಕ್ಕಿಂತ ಹೆಚ್ಚು ವಿವರಿಸುವುದಿಲ್ಲ. ನೇರವಾಗಿ ವಿಷಯಕ್ಕೆ ಬರುತ್ತೇನೆ, ಮೊದಲು ಸೋಲುಗಳಿಂದ.

ನಾನು ಪೂಲ್‌ಗೆ ಸೇರಿದ್ದು 2020ರಲ್ಲಿ. ಆ ವರ್ಷ ತಂಡಕ್ಕೆ 162 ಪಂದ್ಯಗಳ ಋತು 60 ಪಂದ್ಯಗಳಿಗೆ ಇಳಿದ ಕಾರಣ ಹಣ ವಾಪಸಾಯಿತು. ನಿಜವಾದ ಮೊದಲ ಪ್ರಯತ್ನ 2021. ಆಗ ನಾನು ಮಾಡಿದ ತಪ್ಪು ಎಂಥದೆಂದರೆ, ಆ 60 ಪಂದ್ಯಗಳ ಫಲಿತಾಂಶವನ್ನೇ 162ಕ್ಕೆ ಹಿಗ್ಗಿಸಿ, ಸುದ್ದಿಯಲ್ಲಿ ಓದಿದ ಆಟಗಾರರ ವರ್ಗಾವಣೆಗಳಿಗೆ ಎರಡೋ ಮೂರೋ ಗೆಲುವು ಸೇರಿಸಿ ಕೊಟ್ಟೆ. ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್‌ಗೆ ನಾನು ಕೊಟ್ಟಿದ್ದು 78. ಅವರು ಗೆದ್ದದ್ದು 107. ಆ ಒಂದೇ ತಂಡದಲ್ಲಿ 29 ಹೋಯಿತು. ಕೆಳಗಿನಿಂದ ಮೂರನೆಯವನಾದೆ. ಅರವತ್ತು ಪಂದ್ಯಗಳಲ್ಲಿ ಕಂಡದ್ದನ್ನು ಎಷ್ಟು ನಂಬಬೇಕು ಎಂಬ ಲೆಕ್ಕ ಆಗ ನನಗೆ ತಿಳಿದಿರಲಿಲ್ಲ. ಈಗ ಯಾವುದೇ ತಂಡದ ದಾಖಲೆಗೆ ಸುಮಾರು 70 ಪಂದ್ಯಗಳ ಸಮಸಮ ಫಲಿತಾಂಶವನ್ನು, ಎಂದರೆ 35 ಗೆಲುವು 35 ಸೋಲನ್ನು, ಸೇರಿಸದೆ ಮುಂದೆ ಹೋಗುವುದಿಲ್ಲ. 60 ಪಂದ್ಯ ಆಡಿದ ತಂಡದ ವಿಚಾರದಲ್ಲಿ ಹೀಗೆ ಮಾಡಿದರೆ ಕಂಡದ್ದರ ಅರ್ಧಕ್ಕಿಂತ ಹೆಚ್ಚು ಅಳಿಸಿಹೋಗುತ್ತದೆ. ಅಷ್ಟು ಅಳಿಸಿಹೋಗಲೇಬೇಕಿತ್ತು.

2022ರಲ್ಲಿ ಯಂತ್ರಕ್ಕೆ ಕಲಿಸುವ ದಾರಿ ಹಿಡಿದೆ. ಕೆಲಸ ಸಾಫ್ಟ್‌ವೇರ್ ಆದ್ದರಿಂದ ಆ ಸಾಧನಗಳು ಕೈಗೆ ಹತ್ತಿರವಿದ್ದವು. ಹಳೆಯ ಪಂದ್ಯಗಳ ವಿವರ ಇಡುವ ರೆಟ್ರೊಶೀಟ್‌ನ ದಾಖಲೆಗಳನ್ನೆಲ್ಲ ಇಳಿಸಿಕೊಂಡು, ಒಂದು ತಂಡಕ್ಕೆ ಇನ್ನೂರು ಚಿಲ್ಲರೆ ಅಂಶಗಳನ್ನು ಕಟ್ಟಿ, ಬಾಡಿಗೆಯ ಸರ್ವರ್‌ಗಳಲ್ಲಿ ರಾತ್ರಿಯಿಡೀ ಓಡಿಸಿದೆ. ಹಳೆಯ ವರ್ಷಗಳ ಮೇಲೆ ಪರೀಕ್ಷಿಸಿದಾಗ ತಂಡಕ್ಕೆ ಸರಾಸರಿ ಮೂರು ಗೆಲುವಿನ ತಪ್ಪು ಮಾತ್ರ ಬರುತ್ತಿತ್ತು. ಅಲ್ಲಿಯೇ ನನಗೆ ಅನುಮಾನ ಬರಬೇಕಿತ್ತು. ಪ್ರತಿ ಪಂದ್ಯವೂ ನಾಣ್ಯ ಚಿಮ್ಮಿದ ಹಾಗೆ ಎಂದುಕೊಂಡರೂ 162 ಪಂದ್ಯಗಳಲ್ಲಿ ಬರಿಯ ಅದೃಷ್ಟದಿಂದಲೇ ಆರು ಚಿಲ್ಲರೆ ಗೆಲುವಿನ ಏರುಪೇರು ಇರುತ್ತದೆ. ತಂಡದ ಸಾಮರ್ಥ್ಯವನ್ನು ದೇವರೇ ಬಂದು ಕಿವಿಯಲ್ಲಿ ಹೇಳಿದರೂ ಸರಾಸರಿ ತಪ್ಪು ಐದಕ್ಕಿಂತ ಕೆಳಗೆ ಇಳಿಯುವುದಿಲ್ಲ. ಮೂರು ಎಂದು ತೋರಿಸಿದರೆ ಅದು ಕಲಿತಿಲ್ಲ, ಉರು ಹೊಡೆದಿದೆ ಎಂದರ್ಥ. ವರ್ಷಕ್ಕೆ ಮೂವತ್ತು ಸಾಲು, ಇಪ್ಪತ್ತು ವರ್ಷಕ್ಕೆ ಆರುನೂರು ಸಾಲು. ಅಷ್ಟಕ್ಕೆ ಇನ್ನೂರು ಅಂಶ ತುರುಕಿದರೆ ಮತ್ತೇನಾದೀತು? ಹಿಂದಿನ ವರ್ಷ 52 ಗೆದ್ದಿದ್ದ ಬಾಲ್ಟಿಮೋರ್ ಓರಿಯೋಲ್ಸ್‌ಗೆ ನನ್ನ ಯಂತ್ರ 58 ಕೊಟ್ಟಿತು. ಅವರು 83 ಗೆದ್ದರು. ಆ ವರ್ಷದ ನನ್ನ ಮೊತ್ತ 310ರ ಆಸುಪಾಸು, ಪೂಲ್‌ನಲ್ಲಿ ಕಟ್ಟಕಡೆ. ಸಾಲದೆಂಬಂತೆ, ಒಂದು ಸರ್ವರ್ ನಿಲ್ಲಿಸಲು ಮರೆತದ್ದರಿಂದ ಒಂದೇ ತಿಂಗಳಲ್ಲಿ 640 ಡಾಲರ್ ಬಿಲ್ ಬಂತು. ಮನೆಯ ಲೆಕ್ಕ ನೋಡುವವಳು ನನ್ನ ಹೆಂಡತಿ. ಅವಳಿಗೆ ಆ ಬಿಲ್ ತೋರಿಸಿದ ದಿನ ನನಗೆ ಚೆನ್ನಾಗಿ ನೆನಪಿದೆ.

2023ರದು ಹಣದ ಮಟ್ಟಿಗೆ ಇನ್ನೂ ದೊಡ್ಡ ಪೆಟ್ಟು. 2018ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ನ್ಯೂಜೆರ್ಸಿಯಲ್ಲಿ ಆಟಗಳ ಮೇಲೆ ಬಾಜಿ ಕಟ್ಟುವುದು ಕಾನೂನುಬದ್ಧ. ತಂಡವೊಂದು ಇಂತಿಷ್ಟಕ್ಕಿಂತ ಹೆಚ್ಚು ಗೆಲ್ಲುತ್ತದೋ ಕಡಿಮೆಯೋ ಎಂಬ ಬಾಜಿಯಲ್ಲಿ ಸಾಮಾನ್ಯವಾಗಿ 110 ಡಾಲರ್ ಇಟ್ಟರೆ 100 ಲಾಭ. ಎಂದರೆ ನೂರಕ್ಕೆ 52.4ರಷ್ಟು ಸರಿಯಾಗಿ ಹೇಳಿದರೆ ಮಾತ್ರ ಬಂಡವಾಳ ಉಳಿಯುತ್ತದೆ. ಅದರ ಮೇಲೆ ಆರು ತಿಂಗಳು ಹಣ ಅಲ್ಲಿಯೇ ಸಿಕ್ಕಿಕೊಂಡಿರುತ್ತದೆ. ನಾನು ಏಳೆಂಟು ತಂಡಗಳ ಮೇಲೆ ಒಟ್ಟು 1,500ರಷ್ಟು ಕಟ್ಟಿದೆ, ಸುಮಾರು 900 ಕಳೆದುಕೊಂಡೆ. ದೊಡ್ಡ ಹೊಡೆತ ಕೊಟ್ಟದ್ದು ನ್ಯೂಯಾರ್ಕ್ ಮೆಟ್ಸ್ ಮತ್ತು ಸ್ಯಾನ್ ಡಿಯಾಗೊ ಪಾಡ್ರೇಸ್. ಆ ವರ್ಷ ಆಟಗಾರರ ಸಂಬಳಕ್ಕೆ ಎಲ್ಲರಿಗಿಂತ ಹೆಚ್ಚು ಸುರಿದ ಮೆಟ್ಸ್ ಗೆದ್ದದ್ದು 75. ಪಾಡ್ರೇಸ್ 82.

ಪಾಡ್ರೇಸ್ ವಿಚಾರವನ್ನು ಸ್ವಲ್ಪ ನಿಂತು ಹೇಳಬೇಕು. ಅವರು ಆ ವರ್ಷ ಹೊಡೆದ ರನ್ 752, ಬಿಟ್ಟುಕೊಟ್ಟದ್ದು 648. 1.83 ಘಾತದ ಪೈಥಾಗರಸ್ ಸೂತ್ರಕ್ಕೆ ಹಾಕಿದರೆ 92 ಗೆಲುವು ಬರಬೇಕು. ಒಂದು ರನ್ ಅಂತರದ ಪಂದ್ಯಗಳಲ್ಲಿ 9 ಗೆದ್ದು 23 ಸೋತದ್ದರಿಂದ, ಹೆಚ್ಚುವರಿ ಇನ್ನಿಂಗ್ಸ್ ಪಂದ್ಯಗಳಲ್ಲಿ 2 ಗೆದ್ದು 12 ಸೋತದ್ದರಿಂದ ಹತ್ತು ಗೆಲುವು ಸೋರಿಹೋದವು. ಇದರ ತದ್ವಿರುದ್ಧ ಮಯಾಮಿ ಮಾರ್ಲಿನ್ಸ್. ಹೊಡೆದದ್ದಕ್ಕಿಂತ 57 ರನ್ ಹೆಚ್ಚು ಬಿಟ್ಟುಕೊಟ್ಟರೂ ಒಂದು ರನ್ ಪಂದ್ಯಗಳಲ್ಲಿ 33 ಗೆದ್ದು 14 ಸೋತು ಒಟ್ಟು 84 ಗೆದ್ದರು. ಸೂತ್ರದ ಪ್ರಕಾರ ಅವರು 75ರ ತಂಡ. ಮುಂದಿನ ವರ್ಷ, ಹುವಾನ್ ಸೊಟೊ ಅಂಥ ಆಟಗಾರನನ್ನು ಯಾಂಕೀಸ್‌ಗೆ ಬಿಟ್ಟುಕೊಟ್ಟ ಮೇಲೂ ಪಾಡ್ರೇಸ್ 93 ಗೆದ್ದರು. ಮಾರ್ಲಿನ್ಸ್ 62ಕ್ಕೆ ಬಿದ್ದರು. ನಾನು 2024ಕ್ಕೆ ಪಾಡ್ರೇಸ್‌ಗೆ 87 ಕೊಟ್ಟಿದ್ದೆ. ಇಡೀ ಪೂಲ್‌ನಲ್ಲಿ ಅದೇ ಅತಿ ಹೆಚ್ಚು. ಗೆಲುವು ಸೋಲನ್ನು ನೋಡದೆ ರನ್ ನೋಡು ಎಂಬುದು ನಮ್ಮೆಲ್ಲರಿಗೂ ಗೊತ್ತಿರುವ ಮಾತೇ. ಆದರೆ 900 ಡಾಲರ್ ಕೊಟ್ಟು ಕಲಿತ ಮೇಲೆ ಅದು ಮರೆಯುವುದಿಲ್ಲ.

ವಿಧಾನ ಹೊಳೆದದ್ದು ಮಾತ್ರ ಅಮೆರಿಕದಲ್ಲಲ್ಲ. ಅದೇ 2023ರ ಜುಲೈನಲ್ಲಿ ಮಕ್ಕಳ ರಜೆಗೆ ಚನ್ನಗಿರಿ ಕಡೆಯ ನಮ್ಮ ಊರಿಗೆ ಹೋಗಿದ್ದೆ. ಅಪ್ಪನಿಗೆ ವಯಸ್ಸಾಗಿದೆ, ಅಡಿಕೆ ಕೊಯಿಲನ್ನು ತಾವೇ ಮಾಡಿಸುವುದಿಲ್ಲ, ತೋಟವನ್ನು ಖೇಣಿಗೆ, ಎಂದರೆ ಫಸಲಿನ ಗುತ್ತಿಗೆಗೆ, ಕೊಡುತ್ತಾರೆ. ಖೇಣಿದಾರರು ತೋಟ ನೋಡಲು ಬಂದಾಗ ನಾನೂ ಜೊತೆಗೆ ನಡೆದೆ. ಅಪ್ಪ ಬಾವಿಯ ಪಕ್ಕದ ಸಾಲುಗಳ ಕಡೆಗೆ, ಗೊನೆ ತುಂಬಿ ತೂಗುತ್ತಿದ್ದ ಮರಗಳ ಕಡೆಗೆ ಅವರನ್ನು ಕರೆದುಕೊಂಡು ಹೋದರು. ಅವರು ಅತ್ತ ಒಮ್ಮೆ ಕಣ್ಣು ಹಾಯಿಸಿ, ಹಿಂದಿನ ಸಾಲುಗಳಿಗೆ, ನೀರು ನಿಲ್ಲುವ ತಗ್ಗಿಗೆ ಹೋದರು. ಅಲ್ಲಿ ಬೋಳು ಮರಗಳನ್ನು, ಒಂದೇ ಗೊನೆಯ ಮರಗಳನ್ನು, ಸತ್ತ ಮರದ ಜಾಗದಲ್ಲಿ ನೆಟ್ಟ ಸಸಿಗಳನ್ನು ಎಣಿಸತೊಡಗಿದರು. ಯಾಕೆ ಎಂದು ಕೇಳಿದೆ. ‘ಒಳ್ಳೆಯ ಮರದಲ್ಲಿ ಎಷ್ಟಿದೆ ಎಂದು ದಾರಿಯಲ್ಲಿ ಹೋಗುವವರೂ ಹೇಳುತ್ತಾರೆ ತಮ್ಮಾ. ನನಗೆ ನಷ್ಟ ಆಗುವುದು ಇಲ್ಲಿ’ ಎಂದರು. ಅವರು ಹೇಳಿದ ಕ್ವಿಂಟಾಲ್ ಲೆಕ್ಕ ಅಪ್ಪನ ಲೆಕ್ಕಕ್ಕಿಂತ ಬಹಳ ಕಡಿಮೆ ಇತ್ತು. ಕೊಯಿಲು ಮುಗಿದಾಗ ಅವರದೇ ಹತ್ತಿರವಾಯಿತು.

ಆ ರಾತ್ರಿ ಜಗುಲಿಯಲ್ಲಿ ಕೂತು ಲ್ಯಾಪ್‌ಟಾಪ್ ತೆರೆದು ಮೆಟ್ಸ್ ಹಾಳೆಯನ್ನು ನೋಡಿದೆ. ನಾನು ಅದುವರೆಗೆ ಮಾಡಿದ್ದೆಲ್ಲ ತುಂಬಿದ ಗೊನೆಗಳ ಲೆಕ್ಕ. ಸರದಿಯಂತೆ ಪಂದ್ಯ ಆರಂಭಿಸುವ ಮೊದಲ ಐದು ಪಿಚರ್‌ಗಳಿಗೆ (ಚೆಂಡು ಎಸೆಯುವವರಿಗೆ) ತಲಾ 30ಕ್ಕೂ ಹೆಚ್ಚು ಪಂದ್ಯ ಹಂಚಿ, ಉಳಿದವರಿಗೆ ಚೂರುಪಾರು ಬಿಟ್ಟಿದ್ದೆ. ಊರಿನಿಂದ ಬಂದ ಮೇಲೆ ಹಳೆಯ ಐದಾರು ಋತುಗಳನ್ನು ಕೈಯಲ್ಲೇ ಎಣಿಸಿದೆ. ಏಪ್ರಿಲ್‌ನಲ್ಲಿ ಹೆಸರಿಸಿದ ಐವರು 162ರಲ್ಲಿ ಆರಂಭಿಸುವುದು ಹೆಚ್ಚುಕಡಿಮೆ ಮೂರನೇ ಎರಡು ಭಾಗ ಮಾತ್ರ. ಉಳಿದ ಐವತ್ತು ಚಿಲ್ಲರೆ ಪಂದ್ಯಗಳನ್ನು ಆರನೆಯವನಿಂದ ಹನ್ನೆರಡನೆಯವನವರೆಗಿನವರು ಆರಂಭಿಸುತ್ತಾರೆ. ಆ ಹೆಸರುಗಳನ್ನು ಪೂಲ್‌ನಲ್ಲಿ ಯಾರೂ ನೋಡುತ್ತಿರಲಿಲ್ಲ.

ಈಗ ನಾನು ಮಾಡುವುದು ಇಷ್ಟು. ಆಟಗಾರನ ಗುಣಮಟ್ಟದ ಅಂದಾಜಿಗೆ ನಾನು ಕೈ ಹಾಕುವುದೇ ಇಲ್ಲ. ಡ್ಯಾನ್ ಝಿಂಬೋರ್ಸ್ಕಿಯವರ ಜಿಪ್ಸ್, ಸ್ಟೀಮರ್ ಎಂಬ ಸಿದ್ಧ ಅಂದಾಜುಗಳೆರಡನ್ನೂ ತೆಗೆದುಕೊಂಡು ಸರಾಸರಿ ಮಾಡುತ್ತೇನೆ. ಟಾಮ್ ಟ್ಯಾಂಗೊ ಅವರ ಮಾರ್ಸೆಲ್ ನಿಮಗೆ ಗೊತ್ತು, ಬ್ಯಾಟರ್‌ಗಳಾದರೆ ಹಿಂದಿನ ಮೂರು ವರ್ಷಗಳಿಗೆ 5, 4, 3 ತೂಕ ಕೊಟ್ಟು ಸರಾಸರಿಯ ಕಡೆಗೆ ಎಳೆದು ವಯಸ್ಸಿನ ತಿದ್ದುಪಡಿ ಮಾಡುವ ಸರಳ ಲೆಕ್ಕ. ಅದನ್ನು ನಾನೇ ಹಾಕಿ ಪಕ್ಕದಲ್ಲಿಟ್ಟುಕೊಳ್ಳುತ್ತೇನೆ. ಮೂರರಲ್ಲಿ ಒಂದು ತೀರಾ ಬೇರೆ ಹೇಳಿದರೆ ಮಾತ್ರ ಆ ಆಟಗಾರನ ಬಗ್ಗೆ ಓದುತ್ತೇನೆ. 2021ರಿಂದ ನಾನು ಗುಣಮಟ್ಟದಲ್ಲಿ ಮಾಡಿದ ಜಾಣತನಗಳೆಲ್ಲ ಒಟ್ಟು ಸೇರಿ ಒಂದು ಗೆಲುವಿನ ಲಾಭವನ್ನೂ ಕೊಟ್ಟಿಲ್ಲ.

ಕೆಲಸವೆಲ್ಲ ಸಮಯದ ಹಂಚಿಕೆಯಲ್ಲಿದೆ. ಒಂದು ತಂಡಕ್ಕೆ ಋತುವಿಡೀ 1,440ರಷ್ಟು ಇನ್ನಿಂಗ್ಸ್ ಬೌಲಿಂಗ್ ಬೇಕು (ನನ್ನ ಹಾಳೆಯಲ್ಲಿ ಇನ್ನೂ ಬೌಲಿಂಗ್ ಎಂದೇ ಬರೆದುಕೊಳ್ಳುತ್ತೇನೆ), ಬ್ಯಾಟಿಂಗ್‌ಗೆ 6,100ರ ಆಸುಪಾಸು ಸರದಿಗಳು. ಈ ಎರಡು ಮೊತ್ತಗಳು ಬದಲಾಗುವಂತಿಲ್ಲ. ಒಬ್ಬನಿಗೆ ಕಡಿಮೆ ಮಾಡಿದರೆ ಇನ್ನೊಬ್ಬನ ಹೆಸರು ಬರೆಯಲೇಬೇಕು. ಹಾಳೆಯನ್ನು ಕೆಳಗಿನಿಂದ ಮೇಲಕ್ಕೆ ತುಂಬುತ್ತೇನೆ. ಮೊದಲು ಆರನೆಯ ಪಿಚರ್ ಯಾರು, ಏಳನೆಯವನು ಯಾರು, ಕೆಳಹಂತದ ತಂಡದಲ್ಲಿ ಯಾರಿದ್ದಾರೆ, ಎರಡನೇ ಕ್ಯಾಚರ್ ಎಂಥವನು, ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸ್ ನಡುವಿನ ಫೀಲ್ಡರ್) ಬಿದ್ದರೆ ಅಲ್ಲಿ ನಿಲ್ಲುವವನು ಯಾರು. ಇವರಿಗೆ ಇಡೀ ಲೀಗ್‌ನ ಸರಾಸರಿಯಂತೆ ಪಾಲು ಕೊಟ್ಟು, ಆಮೇಲೆ ಮೇಲಿನವರಿಗೆ ಉಳಿದದ್ದನ್ನು ಹಂಚುತ್ತೇನೆ. ನನ್ನ ಹಾಳೆಯಲ್ಲಿ ಯಾವ ಪಿಚರ್‌ಗೂ 180ಕ್ಕಿಂತ ಹೆಚ್ಚು ಇನ್ನಿಂಗ್ಸ್ ಇಲ್ಲ. ಇನ್ನೂರು ದಾಟುವವರು ಪ್ರತಿವರ್ಷ ಕೆಲವರು ಸಿಗುತ್ತಾರೆ, ಆದರೆ ಯಾರು ಎಂದು ಮಾರ್ಚ್‌ನಲ್ಲಿ ಗೊತ್ತಿರುವುದಿಲ್ಲ.

ಒಬ್ಬೊಬ್ಬನಿಗೆ ಎಷ್ಟು ಎಂಬುದಕ್ಕೆ ಹಿಂದಿನ ಮೂರು ವರ್ಷಗಳ ಇನ್ನಿಂಗ್ಸ್, ವಯಸ್ಸು, ಮೊಣಕೈ ಅಥವಾ ಭುಜದ ಇತಿಹಾಸ, ಇಷ್ಟನ್ನು ನೋಡುತ್ತೇನೆ. ಭುಜಕ್ಕೆ ಮೊಣಕೈಗಿಂತ ಹೆಚ್ಚು ಕಡಿತ. ಇದರ ಜೊತೆ ನಾಲ್ಕನೆಯ ಅಂಶವೊಂದಿದೆ. ಅದು ಸಾರ್ವಜನಿಕವಾಗಿ ಸಿಗುವ ಮಾಹಿತಿಯೇ, ಯಾರು ಬೇಕಾದರೂ ತೆಗೆಯಬಹುದು, ಆದರೆ ಯಾವುದು ಎಂದು ಇಲ್ಲಿ ಬರೆಯುವುದಿಲ್ಲ. ಅದನ್ನು ಹುಡುಕಲು ನನಗೆ ಒಂದು ಇಡೀ ಚಳಿಗಾಲ ಹಿಡಿಯಿತು.

2025ರ ಡಾಡ್ಜರ್ಸ್ ಉದಾಹರಣೆ ಕೊಡುತ್ತೇನೆ, ಏಕೆಂದರೆ ಊಟದ ಮೇಜಿನ ಜಗಳವೆಲ್ಲ ಅದರ ಮೇಲೆಯೇ ನಡೆದದ್ದು. ಲಾಸ್ ಏಂಜಲೀಸ್ ಆ ಚಳಿಗಾಲದಲ್ಲಿ ಬ್ಲೇಕ್ ಸ್ನೆಲ್‌ಗೆ ಐದು ವರ್ಷಕ್ಕೆ 182 ಮಿಲಿಯನ್ ಡಾಲರ್ ಕೊಟ್ಟಿತ್ತು, ಜಪಾನ್‌ನಿಂದ ರೋಕಿ ಸಸಾಕಿ ಬಂದಿದ್ದ. ದಾಖಲೆಯ 116 ಗೆಲುವನ್ನು ಮುರಿಯುತ್ತಾರೆ ಎಂದು ಮಾತಾಡುವವರಿದ್ದರು. ಪೂಲ್‌ನ ಸರಾಸರಿ 104ರ ಹತ್ತಿರವಿತ್ತು. ನಾನು 97 ಬರೆದೆ. ಹೇಗೆಂದರೆ, ಸ್ನೆಲ್‌ಗೆ 120 ಇನ್ನಿಂಗ್ಸ್, ಟೈಲರ್ ಗ್ಲಾಸ್ನೋಗೆ 105 (ಅದುವರೆಗೆ ಯಾವ ಋತುವಿನಲ್ಲೂ 134 ದಾಟಿದವನೇ ಅಲ್ಲ), ಯೋಶಿನೊಬು ಯಮಮೊಟೊಗೆ 150, ಸಸಾಕಿಗೆ 90, ಮೊಣಕೈ ಶಸ್ತ್ರಚಿಕಿತ್ಸೆಯಿಂದ ಮರಳುತ್ತಿದ್ದ ಶೋಹೆ ಒಹ್ತಾನಿಗೆ 50. ಒಟ್ಟು 515. ಉಳಿದವರ ಹಾಳೆಗಳಲ್ಲಿ ಇದೇ ಐವರಿಗೆ 650ಕ್ಕೂ ಮೇಲೆ ಇತ್ತು. ಒಳ್ಳೆಯ ಸ್ಟಾರ್ಟರ್ (ಪಂದ್ಯ ಆರಂಭಿಸುವ ಪಿಚರ್) ಒಂಬತ್ತು ಇನ್ನಿಂಗ್ಸ್‌ಗೆ 3.4 ರನ್ ಕೊಟ್ಟರೆ ಅವನ ಬದಲಿಗೆ ಬರುವವನು 5 ಕೊಡುತ್ತಾನೆ ಎಂದುಕೊಳ್ಳಿ. ನೂರು ಇನ್ನಿಂಗ್ಸ್‌ಗೆ 18 ರನ್ ವ್ಯತ್ಯಾಸ. ಹತ್ತು ರನ್‌ಗೆ ಒಂದು ಗೆಲುವು ಎಂಬ ನಮ್ಮ ಹಳೆಯ ಲೆಕ್ಕದಲ್ಲಿ ಅದು ಹೆಚ್ಚುಕಡಿಮೆ ಎರಡು ಗೆಲುವು. ಹೀಗೆ ಪಿಚರ್‌ಗಳಲ್ಲಿ ಎರಡೂವರೆ, ಮೂವತ್ತು ದಾಟಿದ ಬ್ಯಾಟರ್‌ಗಳ ವಿಶ್ರಾಂತಿ ದಿನಗಳಲ್ಲಿ ಒಂದೂವರೆ, ನಡುವಿನ ಕಡೆಗೆ, ಎಂದರೆ ಸರಾಸರಿ 81 ಗೆಲುವಿನತ್ತ, ಎಳೆದದ್ದಕ್ಕೆ ಮೂರು, ಒಟ್ಟು ಏಳು ಕಡಿತ. ‘ಇಷ್ಟು ಹಣ ಸುರಿದ ತಂಡಕ್ಕೆ 97?’ ಎಂದು ಆ ಸಹೋದ್ಯೋಗಿ ನನ್ನ ಹಾಳೆಯನ್ನು ಎಲ್ಲರಿಗೂ ತೋರಿಸಿದರು.

ಋತು ಮುಗಿದಾಗ ಸ್ನೆಲ್ 61, ಗ್ಲಾಸ್ನೋ 90, ಯಮಮೊಟೊ 174ರ ಹತ್ತಿರ, ಸಸಾಕಿ 36, ಒಹ್ತಾನಿ 47. ಒಟ್ಟು 408. ನನ್ನ ಜಿಪುಣ ಲೆಕ್ಕವೂ ಧಾರಾಳವಾಗಿತ್ತು. ಡಾಡ್ಜರ್ಸ್ ಗೆದ್ದದ್ದು 93.

ಮಿಲ್ವಾಕಿ ಬ್ರೂವರ್ಸ್ ಇದರ ಇನ್ನೊಂದು ಮುಖ. ಹೆಸರುವಾಸಿಯಾದವರು ಕಡಿಮೆ, ಆದರೆ ಕೆಳಗಿನಿಂದ ತುಂಬುತ್ತ ಬಂದಾಗ ನನ್ನ ಹಾಳೆಯಲ್ಲಿ ಎಲ್ಲಿಯೂ ತಗ್ಗು ಸಿಗಲಿಲ್ಲ. ಹತ್ತನೆಯ ಪಿಚರ್ ಕೂಡ ಬೇರೆ ತಂಡಗಳ ಏಳನೆಯವನಷ್ಟು ಒಳ್ಳೆಯವನು. ಪೂಲ್ ಅವರಿಗೆ 81, 82 ಕೊಟ್ಟರೆ ನಾನು 87 ಕೊಟ್ಟೆ. ಅವರು 97 ಗೆದ್ದು ಇಡೀ ಲೀಗ್‌ಗೇ ಮೊದಲಿಗರಾದರು. ಏಪ್ರಿಲ್‌ನಲ್ಲಿ ಬಾಸ್ಟನ್‌ನಿಂದ ತಂದುಕೊಂಡ ಕ್ವಿನ್ ಪ್ರೀಸ್ಟರ್, ಜೂನ್‌ನಲ್ಲಿ ಮೇಲೆ ಬಂದ ಜೇಕಬ್ ಮಿಸಿಯೊರೌಸ್ಕಿ, ಭುಜದ ಶಸ್ತ್ರಚಿಕಿತ್ಸೆಯಿಂದ ಮರಳಿ ಜುಲೈನಲ್ಲಿ ಬಂದ ಬ್ರ್ಯಾಂಡನ್ ವುಡ್ರಫ್, ಇವರಲ್ಲಿ ಯಾರೂ ಅವರ ಆರಂಭದ ಐವರಲ್ಲಿ ಇರಲಿಲ್ಲ. ಹತ್ತು ಗೆಲುವಿನ ತಪ್ಪು ನನ್ನದೂ ಆಯಿತು, ಆದರೆ ಉಳಿದವರದು ಹದಿನೈದು, ಹದಿನಾರು. ಪೂಲ್ ಗೆಲ್ಲಲು ತಪ್ಪೇ ಇಲ್ಲದಿರಬೇಕಿಲ್ಲ. ಎಲ್ಲರೂ ತಪ್ಪುವ ಕಡೆ ನಾವು ಸ್ವಲ್ಪ ಕಡಿಮೆ ತಪ್ಪಬೇಕು.

ನಡುವಿನ ಕಡೆಗೆ ಎಳೆಯುವ ವಿಚಾರ. ಇದನ್ನು ಬಹಳ ಜನ ಹೇಡಿತನ ಎಂದುಕೊಳ್ಳುತ್ತಾರೆ. 2025ರಲ್ಲಿ ಮೂವತ್ತು ತಂಡಗಳಿಗೂ ಕಣ್ಣುಮುಚ್ಚಿ 81 ಎಂದು ಬರೆದಿದ್ದರೆ ತಪ್ಪಿನ ಮೊತ್ತ 260 ಆಗುತ್ತಿತ್ತು. ನಮ್ಮ ಪೂಲ್‌ನಲ್ಲಿ ಆ 260ನ್ನೂ ಮುಟ್ಟಲಾಗದವರು ಏಳು ಜನ! ವರ್ಷಗಟ್ಟಲೆ ಆಟ ನೋಡಿದವರು, ತಮ್ಮ ಪ್ರೀತಿಯ ತಂಡಕ್ಕೆ 100, ಆಗದ ತಂಡಕ್ಕೆ 60 ಬರೆದು ಹಾಳಾದವರು. ಎಲ್ಲ ತಂಡಗಳ ಗೆಲುವು ಕೂಡಿದರೆ 2,430 ಬರಬೇಕು ಎಂಬುದನ್ನೂ ಎಷ್ಟೋ ಜನ ನೋಡುವುದಿಲ್ಲ. ಒಬ್ಬರ ಹಾಳೆಯಲ್ಲಿ 2,500 ದಾಟಿತ್ತು. ನನ್ನದರಲ್ಲಿ ವಾರ್ ಮೊತ್ತ 1,000ಕ್ಕೆ ಇಳಿಯುವವರೆಗೆ ಎಲ್ಲವನ್ನೂ ಕಡಿಯುತ್ತೇನೆ, ಬ್ಯಾಟರ್‌ಗಳಿಗೆ 570, ಪಿಚರ್‌ಗಳಿಗೆ 430. ಆಮೇಲೆ ತಂಡಕ್ಕೆ 47.7 ಗೆಲುವಿನ ತಳಪಾಯ (ಬರಿಯ ಬದಲಿ ಆಟಗಾರರಿದ್ದರೂ ಬರುವ ಗೆಲುವು) ಸೇರಿಸಿದರೆ ಮೊತ್ತ ತಾನಾಗಿ 2,430 ಬರುತ್ತದೆ. ಮೊದಲ ಸಲ ಕೂಡಿದಾಗ ನನ್ನದು 1,130 ಬಂದಿತ್ತು. ಎಲ್ಲರ ಆರೋಗ್ಯವನ್ನೂ ನಂಬಿದರೆ ಹಾಗೆಯೇ ಆಗುತ್ತದೆ.

ತಪ್ಪಿದವುಗಳನ್ನೂ ಬರೆಯುತ್ತೇನೆ. ಕೊಲರಾಡೊ ರಾಕೀಸ್‌ಗೆ 57 ಕೊಟ್ಟೆ, ಗೆದ್ದದ್ದು 43. ಹೊಡೆದದ್ದಕ್ಕಿಂತ 424 ರನ್ ಹೆಚ್ಚು ಬಿಟ್ಟುಕೊಟ್ಟ ತಂಡವನ್ನು ಯಾವ ವಿಧಾನವೂ ಮುಂಚಿತವಾಗಿ ಹಿಡಿಯಲಾರದು. ಅಟ್ಲಾಂಟಾ ಬ್ರೇವ್ಸ್‌ಗೆ 90, ಗೆದ್ದದ್ದು 76. ಇಲ್ಲಿ ನನ್ನ ವಿಧಾನವೇ ಕೈಕೊಟ್ಟಿತು. ರೆನಾಲ್ಡೊ ಲೋಪೆಸ್ ಭುಜ, ಕ್ರಿಸ್ ಸೇಲ್ ಪಕ್ಕೆಲುಬು, ಸ್ಪೆನ್ಸರ್ ಶ್ವೆಲ್ಲೆನ್‌ಬ್ಯಾಕ್ ಮೊಣಕೈ, ಒಂದರ ಹಿಂದೆ ಒಂದು. ಋತು ಶುರುವಾದ ನಾಲ್ಕೇ ದಿನಕ್ಕೆ ಜೂರಿಕ್ಸನ್ ಪ್ರೊಫಾರ್‌ಗೆ ನಿಷೇಧಿತ ಮದ್ದಿನ ಕಾರಣ 80 ಪಂದ್ಯಗಳ ಅಮಾನತು ಬೇರೆ. ಆರನೆಯವನವರೆಗೆ ಚೆನ್ನಾಗಿ ಎಣಿಸಿದ್ದೆ, ಅಟ್ಲಾಂಟಾ ಹತ್ತನೆಯವನನ್ನೂ ದಾಟಿ ಹೋಯಿತು. ಟೊರಾಂಟೊ ಬ್ಲೂ ಜೇಸ್‌ಗೆ 83 ಕೊಟ್ಟರೆ 94 ಗೆದ್ದು ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್‌ನ ಏಳನೇ ಪಂದ್ಯದವರೆಗೂ ಹೋದರು.

ಮಿನೆಸೋಟ ಟ್ವಿನ್ಸ್ ತಪ್ಪು ನನಗೆ ಹೊಸ ಪಾಠ ಕಲಿಸಿತು. 82 ಎಂದಿದ್ದೆ, 70 ಬಂತು. ಜುಲೈ ಕೊನೆಯಲ್ಲಿ ಅವರು ಕಾರ್ಲೊಸ್ ಕೊರಿಯಾ, ಜೋವನ್ ಡುರಾನ್, ಗ್ರಿಫಿನ್ ಜ್ಯಾಕ್ಸ್ ಸೇರಿ ಹತ್ತು ಜನರನ್ನು ಬೇರೆ ತಂಡಗಳಿಗೆ ಕೊಟ್ಟುಬಿಟ್ಟರು. ಮಾರ್ಚ್‌ನಲ್ಲಿ ನಾನು ಎಣಿಸಿದ ತೋಟವೇ ಆಗಸ್ಟ್‌ನಲ್ಲಿ ಇರಲಿಲ್ಲ. ಗಾಯದಿಂದ ಸಮಯ ಕಡಿಮೆಯಾಗುವುದನ್ನು ಲೆಕ್ಕ ಹಾಕಿದವನು ಮಾರಾಟದಿಂದ ಕಡಿಮೆಯಾಗುವುದನ್ನು ಹಾಕಿರಲಿಲ್ಲ. ಈಗ ಪ್ರತಿ ತಂಡಕ್ಕೂ ‘ಜುಲೈನಲ್ಲಿ ಮಾರುತ್ತಾರೆಯೇ’ ಎಂಬ ಕಾಲಂ ಇದೆ. ಒಪ್ಪಂದ ಮುಗಿಯುತ್ತಿರುವ ಆಟಗಾರರು ಎಷ್ಟು, ಮಾಲೀಕರು ತಂಡವನ್ನೇ ಮಾರಾಟಕ್ಕೆ ಇಟ್ಟಿದ್ದಾರೆಯೇ, ಮೊದಲ ಸ್ಥಾನದ ಎದುರಾಳಿ ಎಷ್ಟು ಬಲಶಾಲಿ ಎಂಬುದನ್ನು ನೋಡಿ ಅರ್ಧದಿಂದ ಮೂರು ಗೆಲುವಿನವರೆಗೆ ಕಳೆಯುತ್ತೇನೆ, ಕೊಳ್ಳುವ ತಂಡಗಳಿಗೆ ಸೇರಿಸುತ್ತೇನೆ. ಹಿಂದಿನ ವರ್ಷಗಳ ಮೇಲೆ ಹಾಕಿ ನೋಡಿದಾಗ ಋತುವಿಗೆ ಏಳೆಂಟು ಅಂಕ ಉಳಿಯುತ್ತದೆ.

ಪೂಲ್‌ನಲ್ಲಿ ಸಮ ಬಿದ್ದರೆ ಬಿಡಿಸಲು ಚಾಂಪಿಯನ್ ಯಾರು ಎಂದೂ ಬರೆಯಬೇಕು. ಅದಕ್ಕಾಗಿ ಇಡೀ ಋತುವನ್ನು ಹತ್ತು ಸಾವಿರ ಸಲ ಓಡಿಸುತ್ತೇನೆ, ಎರಡು ತಂಡಗಳ ಸಾಮರ್ಥ್ಯದಿಂದ ಗೆಲುವಿನ ಸಾಧ್ಯತೆ ಹೇಳುವ ಬಿಲ್ ಜೇಮ್ಸ್ ಅವರ ಲಾಗ್5 ಸೂತ್ರದಿಂದ, ತವರಿನ ತಂಡಕ್ಕೆ ಸ್ವಲ್ಪ ಅನುಕೂಲ ಕೊಟ್ಟು. ಒಂದು ಮಾತು ಮಾತ್ರ ಹೇಳುತ್ತೇನೆ: ಪ್ರತಿ ಓಟಕ್ಕೂ ಮುಂಚೆ ತಂಡಗಳ ಸಾಮರ್ಥ್ಯವನ್ನೇ ಅಲುಗಾಡಿಸಿ. ಅಲುಗಾಡಿಸದೆ ಓಡಿಸಿದರೆ ಫಲಿತಾಂಶಗಳು ತೀರಾ ಕಿರಿದಾದ ಪಟ್ಟಿಯಲ್ಲಿ ಬೀಳುತ್ತವೆ, ನಮ್ಮ ಅಂದಾಜೇ ವೇದವಾಕ್ಯ ಎಂಬ ಭ್ರಮೆ ಬರುತ್ತದೆ. ಎಷ್ಟು ಅಲುಗಾಡಿಸಬೇಕು ಎಂಬ ಅಂಕಿ ನನ್ನಲ್ಲೇ ಇರಲಿ. ಹೀಗೆ ಮಾಡಿದಾಗ ಡಾಡ್ಜರ್ಸ್‌ಗೆ ಪ್ರಶಸ್ತಿಯ ಸಾಧ್ಯತೆ ನೂರಕ್ಕೆ 17 ಬಂತು. ಯಾರಿಗೂ 20ರ ಮೇಲೆ ಬಂದೇ ಇಲ್ಲ. ಜುಲೈನಲ್ಲಿ ಬ್ರೂವರ್ಸ್ ಡಾಡ್ಜರ್ಸ್ ವಿರುದ್ಧ ಆಡಿದ ಆರಕ್ಕೆ ಆರೂ ಗೆದ್ದರು. ಅಕ್ಟೋಬರ್‌ನಲ್ಲಿ ಅದೇ ಡಾಡ್ಜರ್ಸ್ ನಾಲ್ಕಕ್ಕೆ ನಾಲ್ಕೂ ಗೆದ್ದು ಅವರನ್ನು ಮನೆಗೆ ಕಳಿಸಿದರು. ಅಷ್ಟು ಚಿಕ್ಕ ಸರಣಿಗಳನ್ನು ನುಡಿಯುತ್ತೇನೆ ಎನ್ನುವವರ ಮಾತನ್ನು ನಾನು ಕೇಳುವುದಿಲ್ಲ.

ದಾರಿ ತಪ್ಪಿದ ಪ್ರಯೋಗಗಳೂ ಇವೆ. 2025ರಲ್ಲಿ, ಹಿಂದಿನ ವರ್ಷದ ಚಂಡಮಾರುತದಿಂದ ಛಾವಣಿ ಹಾರಿಹೋದ ಕಾರಣ ಟ್ಯಾಂಪಾ ಬೇ ರೇಸ್ ಬಯಲು ಮೈದಾನದಲ್ಲಿ, ಓಕ್ಲೆಂಡ್ ಬಿಟ್ಟ ಅಥ್ಲೆಟಿಕ್ಸ್ ಸ್ಯಾಕ್ರಮೆಂಟೊದ ಕೆಳಹಂತದ ತಂಡದ ಮೈದಾನದಲ್ಲಿ ಆಡಿದರು. ಇದರಲ್ಲೇನೋ ನಿಧಿಯಿದೆ ಎಂದು ಮೂರು ವಾರಾಂತ್ಯ ಬಿಸಿಲು, ಗಾಳಿ, ಗೋಡೆಯ ದೂರ ಎಲ್ಲ ಲೆಕ್ಕ ಹಾಕಿದೆ. ಕೊನೆಗೆ ತಿಳಿದದ್ದು, ಮೈದಾನ ರನ್ ಸಂಖ್ಯೆಯನ್ನು ಬದಲಿಸುತ್ತದೆ, ಗೆಲುವನ್ನಲ್ಲ. ಎರಡೂ ತಂಡಗಳು ಅದೇ ಗಾಳಿಯಲ್ಲಿ ಹೊಡೆಯುತ್ತವೆ. ಸಿಯಾಟಲ್‌ನಂಥ ಮೂಲೆಯ ತಂಡದ ಪ್ರಯಾಣದ ಮೈಲಿಗಳನ್ನೂ ಸೇರಿಸಿ ನೋಡಿದೆ, ಅರ್ಧ ಗೆಲುವೂ ಬರಲಿಲ್ಲ. ಮಾರ್ಚ್‌ನ ಅಭ್ಯಾಸ ಪಂದ್ಯಗಳಲ್ಲಿ ಪಿಚರ್‌ನ ವೇಗ ಎರಡು ಮೈಲಿ ಇಳಿದಿದ್ದರೆ ಮಾತ್ರ ನೋಡಿ, ಉಳಿದ ಅಂಕಿಗಳನ್ನು ತೆರೆಯಲೇಬೇಡಿ.

ಐಪಿಎಲ್‌ಗೂ ಒಮ್ಮೆ ಇದೇ ಹಾಳೆಯನ್ನು ಹೊಂದಿಸಿದೆ. ತಂಡಕ್ಕೆ ಲೀಗ್ ಹಂತದಲ್ಲಿ 14 ಪಂದ್ಯ. ಬರಿಯ ಅದೃಷ್ಟದ ಏರುಪೇರೇ ಎರಡು ಗೆಲುವಿನ ಹತ್ತಿರ, ಎಂದರೆ ಏಳು ಗೆಲ್ಲಬೇಕಾದ ತಂಡ ಒಂಬತ್ತೂ ಗೆಲ್ಲಬಹುದು ಐದೂ ಗೆಲ್ಲಬಹುದು. ಅಲ್ಲಿ ಹಾಳೆಗೆ ಕೆಲಸವಿಲ್ಲ. 2025ರ ಜೂನ್ 3ರಂದು ಆರ್‌ಸಿಬಿ ಹದಿನೆಂಟನೇ ಪ್ರಯತ್ನದಲ್ಲಿ ಗೆದ್ದಾಗ ನಾನು ಲೆಕ್ಕವೆಲ್ಲ ಮುಚ್ಚಿಟ್ಟು ಅಭಿಮಾನಿಯಾಗಿಯೇ ಕೂತಿದ್ದೆ.

ಹಣದ ವಿಚಾರ ಮುಗಿಸಿಬಿಡುತ್ತೇನೆ. ಪೂಲ್ ಪ್ರವೇಶ 50 ಡಾಲರ್. 2021ರಿಂದ ಐದು ವರ್ಷಕ್ಕೆ 250. ಸರ್ವರ್ ಬಿಲ್ 640. ಎರಡು ವರ್ಷ ದುಬಾರಿ ಮಾಹಿತಿಗೆ ಚಂದಾ ಕಟ್ಟಿದ್ದು ಸುಮಾರು 300. ಅದರಲ್ಲಿ ಕೊಟ್ಟದ್ದರಲ್ಲಿ ಮುಕ್ಕಾಲು ಪಾಲು ಉಚಿತವಾಗಿಯೇ ಸಿಗುತ್ತದೆ ಎಂದು ಆಮೇಲೆ ತಿಳಿಯಿತು. ಬಾಜಿಯಲ್ಲಿ 900. ಎದುರಿಗೆ 2024ರಲ್ಲಿ ಮೂರನೇ ಸ್ಥಾನಕ್ಕೆ 120, 2025ರ ಮೊದಲ ಸ್ಥಾನಕ್ಕೆ 840. ಇನ್ನೂ ಸಾವಿರಕ್ಕೂ ಹೆಚ್ಚು ನಷ್ಟದಲ್ಲಿದ್ದೇನೆ. ಆದರೆ ಈಗ ವಿಧಾನಕ್ಕೆ ಖರ್ಚೇ ಇಲ್ಲ, ಮನೆಯ ಲ್ಯಾಪ್‌ಟಾಪ್, ಒಂದು ಸ್ಪ್ರೆಡ್‌ಶೀಟ್, ಜನವರಿಯಿಂದ ಮಾರ್ಚ್‌ವರೆಗೆ ವಾರಕ್ಕೆ ನಾಲ್ಕೈದು ಗಂಟೆ. ಬಾಜಿ ಕಟ್ಟುವುದನ್ನು ಪೂರ್ತಿ ಬಿಟ್ಟಿದ್ದೇನೆ. ಪೂಲ್‌ನ 23 ಜನರನ್ನು ಹಿಂದೆ ಹಾಕುವುದು ಬೇರೆ, 110 ಇಟ್ಟು 100 ಪಡೆಯುವ ಕಡೆ ಲಾಭ ಮಾಡುವುದು ಬೇರೆ. ನನ್ನ ಹಾಳೆ ಎರಡನೆಯದಕ್ಕೆ ಸಾಲದು.

ಸೆಪ್ಟೆಂಬರ್ 29ರ ಬೆಳಿಗ್ಗೆ ಆ ಸಹೋದ್ಯೋಗಿಯೇ ನನ್ನ ಮೇಜಿನ ಬಳಿ ಬಂದು ಕೈ ಕುಲುಕಿದರು. ಹಾಳೆಯನ್ನು ಕಳಿಸಲು ಸಾಧ್ಯವೇ ಎಂದು ಕೇಳಿದರು. ಆ ಸಂಜೆಯೇ ಕಳಿಸಿದೆ, ಮೂವತ್ತು ತಂಡಗಳದ್ದೂ, ಆರನೆಯ ಪಿಚರ್‌ನಿಂದ ಹನ್ನೆರಡನೆಯವನವರೆಗಿನ ಎಲ್ಲ ಹೆಸರುಗಳ ಸಮೇತ. ಎರಡು ಕಾಲಂಗಳನ್ನು ಅಳಿಸಿ ಕಳಿಸಿದೆ. ಜನವರಿಯಲ್ಲಿ ಅವರು ಫೋನ್ ಮಾಡಿ, ತಾವು ಲೆಕ್ಕ ಹಾಕಿದಾಗ ಮೊತ್ತ ಸರಿಹೊಂದುತ್ತಿಲ್ಲ, ಎಲ್ಲೋ ಏನೋ ಬಿಟ್ಟುಹೋಗಿದೆ ಎಂದರು. ಹೌದು, ಬಿಟ್ಟಿದ್ದೇನೆ ಎಂದೆ.